ನನ್ನ ತಲೆಗೂದಲಿನ ಇತಿಹಾಸ

ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಶಾಲೆ ಬೆಳೆದು ಬಂದ ಬಗೆ, ಕಟ್ಟಡಕ್ಕೆ ನೆರವಾದವರು, ನಮಗೆ ಕಲಿಸಿದ ಗುರುಗಳು, ವರ್ಷ ವರ್ಷದ ಫಲಿತಾಂಶ, ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಾರೆ. ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ಇತಿಹಾಸದ ಒಂದು ಸಣ್ಣ ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ತಲೆಗೂದಲು. ಓದುಗರು ನಗಬಹುದು. ಆದರೆ ಯಾವುದೇ ಶಾಲೆಯ ಎಸ್.ಎಸ್.ಎಲ್.ಸಿ. ಬೀಳ್ಕೊಡುಗೆಯ ಗ್ರೂಪ್ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿರಿ. ಮುಂದೆ ಕುಳಿತ ಹುಡುಗ ಹಿಡಿದ ಪಾಟಿಯ ಮೇಲಿನ ಇಸವಿಯನ್ನು ಬೆರಳಿನಿಂದ ಮುಚ್ಚಿದರೂ, ಹುಡುಗರ ತಲೆ ನೋಡಿ ಅದು ಯಾವ ಕಾಲದ ಫೋಟೋ ಎಂದು ಹೇಳಬಹುದು. ಕಿವಿ ಮುಚ್ಚಿದ ಕೂದಲಿದ್ದರೆ ಒಂದು ಕಾಲ, ನಡುಬೈತಲೆ ಇದ್ದರೆ ಇನ್ನೊಂದು, ಎರಡೂ ಮಗ್ಗಲು ನುಣ್ಣಗೆ ಬೋಳಿಸಿ ನೆತ್ತಿಯ ಮೇಲೆ ಮಾತ್ರ ಬಿಟ್ಟಿದ್ದರೆ ಮತ್ತೊಂದು. ರಾಜರ ಇತಿಹಾಸಕ್ಕೆ ಶಾಸನಗಳಿದ್ದ ಹಾಗೆ ನಮ್ಮಂಥವರ ಇತಿಹಾಸಕ್ಕೆ ಇಂಥ ಫೋಟೋಗಳು.

ನಮ್ಮ ಅಜ್ಜಂದಿರ ಕಾಲದಿಂದ ಸುರು ಮಾಡುತ್ತೇನೆ. ಆಗ ಗಂಡಸರ ತಲೆ ಹೊರಗೆ ಕಾಣುತ್ತಲೇ ಇರಲಿಲ್ಲ, ರುಮಾಲಿನೊಳಗೆ ಇರುತ್ತಿತ್ತು. ರುಮಾಲಿನ ಕೆಳಗೆ ಕೆಲವರದು ಪೂರ್ತಿ ಬೋಳು, ಕೆಲವರದು ನೆತ್ತಿಯ ಹಿಂದೆ ಚಂಡಿಕೆ ಬಿಟ್ಟ ತಲೆ. ಹೇಗಿರಬೇಕು ಎಂಬುದನ್ನು ಮನೆತನ, ಜಾತಿ, ಹಿರಿಯರು ನಿರ್ಧರಿಸುತ್ತಿದ್ದರು. ತಲೆ ಹೊತ್ತವನನ್ನು ಯಾರೂ ಕೇಳುತ್ತಿರಲಿಲ್ಲ. ಇಂಗ್ಲಿಷ್ ಶಿಕ್ಷಣ, ಪಟ್ಟಣವಾಸ, ಸರಕಾರಿ ನೌಕರಿ ಬಂದಂತೆ ಕ್ರಾಪು ಬಂತು. 1888ರಲ್ಲಿ ವಿಲಾಯತಿಗೆ ಹೊರಟ ಗಾಂಧೀಜಿಯವರು, ಬರಿದಲೆಯಲ್ಲಿ ನಿಂತಾಗ ಜನ ನಕ್ಕಾರು ಎಂಬ ಅಂಜಿಕೆಯಿಂದ ಶಿಖೆ ತೆಗೆಸಿದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಅದೇ ಅಂಜಿಕೆ ನಮ್ಮ ಸೀಮೆಯ ಹಳ್ಳಿಗಳಿಗೆ ಬರಲು ಇನ್ನೂ ಬಹಳ ವರ್ಷ ಹಿಡಿಯಿತು.

ಕ್ಷೌರ ಮಾಡುವವರು ಊರ ಆಯಗಾರರಲ್ಲಿ ಒಬ್ಬರು. ಬಡಿಗ, ಕಮ್ಮಾರ, ಕುಂಬಾರ, ಅಗಸರಿಗೆ ಇದ್ದಂತೆ ಇವರಿಗೂ ರೈತರ ಮನೆಗಳು ಹಂಚಿಕೆಯಾಗಿದ್ದವು. ವರ್ಷವಿಡೀ ಕೆಲಸ, ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಜೋಳ. ರೊಕ್ಕದ ಮಾತಿಲ್ಲ. ಅವರ ಕಂಕುಳಲ್ಲಿ ಇರುತ್ತಿದ್ದ ಸಾಮಾನಿನ ಚೀಲಕ್ಕೆ ಹಡಪ ಎನ್ನುತ್ತಾರೆ. ಅದರೊಳಗೆ ಕತ್ತರಿ, ಮಡಚುವ ಕತ್ತಿ, ಅದನ್ನು ಮಸೆಯಲು ಚರ್ಮದ ಪಟ್ಟಿ, ಉಗುರು ತೆಗೆಯುವ ಸಲಕರಣೆ, ಸಣ್ಣದೊಂದು ಕನ್ನಡಿ, ನೀರಿನ ಬಟ್ಟಲು, ಆಮೇಲಿನ ದಿನಗಳಲ್ಲಿ ಕೈಯಿಂದ ಒತ್ತುವ ಮಷೀನು. ಆ ಮಷೀನಿನ ಹಲ್ಲು ಮೊಂಡಾಗಿದ್ದರೆ ಕೂದಲು ಕತ್ತರಿಸುವ ಬದಲು ಕಿತ್ತೇ ಬರುತ್ತಿತ್ತೆಂದು ನನ್ನ ವಾರಿಗೆಯವರು ಈಗಲೂ ಹೇಳುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಹತ್ತಿರದವರಾಗಿದ್ದ ಹಡಪದ ಅಪ್ಪಣ್ಣನವರನ್ನು ಈ ಸಮಾಜದವರು ತಮ್ಮ ಮೂಲಪುರುಷರೆಂದು ಪೂಜಿಸುತ್ತಾರೆ. ಅಪ್ಪಣ್ಣನವರ ಹೆಂಡತಿ ಲಿಂಗಮ್ಮನವರೂ ವಚನ ಬರೆದವರು. ಇಷ್ಟು ದೊಡ್ಡ ಪರಂಪರೆಯ ಕಸುಬಿನ ಹೆಸರನ್ನು ನಮ್ಮ ಕಡೆ ಬೈಗುಳವಾಗಿ ಬಳಸುವ ರೂಢಿ ಇದೆ. ಆ ಶಬ್ದವನ್ನು ನಾನು ತರಗತಿಯಲ್ಲಿ ಯಾವ ಹುಡುಗನ ಬಾಯಿಂದಲೂ ಬರಗೊಟ್ಟಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಮೇಲೆ ಹೇಳಿದ ವ್ಯವಸ್ಥೆಯಲ್ಲಿ ನಮ್ಮ ಮನೆ ಇರಲಿಲ್ಲ. ನಾನು ಯಲವಿಗಿಯವನಲ್ಲ, ಹೊಲದ ದಾರಿ ಹಿಡಿದು ಇಲ್ಲಿಯ ಹೈಸ್ಕೂಲಿಗೆ ನಡೆದು ಬರುತ್ತಿದ್ದವನು. ನನ್ನ ಊರಿನ ಹೆಸರು ಇಲ್ಲಿ ಬೇಡ, ಅಂಥ ಊರುಗಳು ಸುತ್ತಲೂ ಇದ್ದವು. ಊರ ಕೊನೆಯ ಕೇರಿ ನಮ್ಮದು. ಹಡಪ ಊರೆಲ್ಲ ತಿರುಗಿ ನಮ್ಮ ಕೇರಿಯ ತಿರುವಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಮುಂದೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಟಿಂಗ್ ಶಾಪ್ ಆಯಿತು. ತಗಡಿನ ಚಪ್ಪರ, ಕಟ್ಟಿಗೆಯ ಕುರ್ಚಿ, ಗೋಡೆಗೆ ಕನ್ನಡಿ, ಪಕ್ಕದಲ್ಲಿ ರಾಜಕುಮಾರರ ಫೋಟೋ ಇದ್ದ ಕ್ಯಾಲೆಂಡರು. ಆ ಕುರ್ಚಿಯೂ ನಮಗಿರಲಿಲ್ಲ. ಹಾಗೆಂದು ಅಲ್ಲಿ ಬೋರ್ಡು ಹಾಕಿರಲಿಲ್ಲ, ಯಾರೂ ಜಗಳಾಡಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ವಿಷಯ, ಅಷ್ಟೇ.

ನನ್ನ ಕ್ಷೌರ ಮಾಡುತ್ತಿದ್ದವನು ನಮ್ಮಪ್ಪ. ಬೇವಿನ ಗಿಡದ ಕೆಳಗೆ ಕಲ್ಲಿನ ಮೇಲೆ ಕೂಡ್ರಿಸಿ, ಹಳೆಯ ಧೋತರದ ತುಂಡು ಕೊರಳಿಗೆ ಸುತ್ತಿ, ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಯಾರಿಂದಲೋ ಇಸಿದುಕೊಂಡು ಬಂದು ಕೆಲಸ ಸುರು ಮಾಡುತ್ತಿದ್ದ. ಮುಂದೆ ಸುಮಾರಾಗಿ ಬರುತ್ತಿತ್ತು. ಹಿಂದೆ ಪಾವಟಿಗೆ ಪಾವಟಿಗೆಯಾಗಿ ನಿಲ್ಲುತ್ತಿತ್ತು. "ಅಲ್ಲಾಡಬ್ಯಾಡೋ, ಕಿವಿ ಹೋದೀತು" ಎಂಬ ಅಪ್ಪನ ಮಾತು ಈಗಲೂ ಕೇಳುತ್ತದೆ. ಮರುದಿನ ತರಗತಿಯಲ್ಲಿ ಹಿಂದಿನ ಬೆಂಚಿನವರು "ಇಲಿ ಕಡದಾವೇನಲೇ?" ಎಂದು ಕೇಳುವುದು ನಿಕ್ಕಿ. ಮುಂದೆ ಕಾಲೇಜಿನಲ್ಲಿ ಗಾಂಧೀಜಿಯವರ ಆತ್ಮಕಥೆ ಓದುವಾಗ ಒಂದು ಪುಟದಲ್ಲಿ ನಾನು ನಿಂತುಬಿಟ್ಟೆ. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕನೊಬ್ಬ ಅವರ ಕೂದಲು ಕತ್ತರಿಸಲು ನಿರಾಕರಿಸಿದ. ಅವರು ಮಷೀನು ಕೊಂಡು ತಂದು ಕನ್ನಡಿಯ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು. ಮುಂದಿನದು ನೆಟ್ಟಗಾಯಿತು, ಹಿಂದಿನದು ಕೆಟ್ಟಿತು. ಕೋರ್ಟಿನಲ್ಲಿ ವಕೀಲ ಗೆಳೆಯರು ನಕ್ಕು, ಇಲಿ ಕಡಿದವೇ ಎಂದು ಕೇಳಿದರಂತೆ! ಬ್ಯಾರಿಸ್ಟರರ ತಲೆಗೂ ನನ್ನ ತಲೆಗೂ ಒಂದೇ ಪ್ರಶ್ನೆ. ಆ ಕ್ಷೌರಿಕನ ಮೇಲೆ ತಮಗೆ ಸಿಟ್ಟು ಬರಲಿಲ್ಲ ಎಂದು ಅವರು ಬರೆಯುತ್ತಾರೆ. ನಮ್ಮ ದೇಶದಲ್ಲಿ ನಾವೇ ನಮ್ಮ ಕ್ಷೌರಿಕರನ್ನು ಅಸ್ಪೃಶ್ಯರ ಕೆಲಸ ಮಾಡಗೊಡುವುದಿಲ್ಲ, ಅದರ ಫಲ ತಾವು ಅಲ್ಲಿ ಉಣ್ಣಬೇಕಾಯಿತು ಎಂಬುದು ಅವರ ವಿವರಣೆ.

ಅವರು ಅದನ್ನು ಒಂದು ಪಾಠವಾಗಿ ಕಂಡರು. ಅದೇ ಅನುಭವದೊಳಗೇ ಹುಟ್ಟಿ ಬೆಳೆದವರು ಡಾ. ಅಂಬೇಡ್ಕರರು. ಅವರ ಬಾಲ್ಯ ಕಳೆದದ್ದು ಸಾತಾರಾದಲ್ಲಿ. ನಮ್ಮ ಧಾರವಾಡ ಜಿಲ್ಲೆಯಂತೆ ಅದೂ ಮುಂಬಯಿ ಪ್ರಾಂತದ ಊರೇ. ಅಲ್ಲಿ ಕ್ಷೌರಿಕರಿಗೆ ಕೊರತೆ ಇರಲಿಲ್ಲ, ಕೊಡಲು ಇವರ ಮನೆಯಲ್ಲಿ ಹಣವೂ ಇತ್ತು. ಆದರೂ ಅವರ ಮತ್ತು ಅಣ್ಣತಮ್ಮಂದಿರ ಕೂದಲು ಕತ್ತರಿಸುತ್ತಿದ್ದವಳು ಅವರ ಅಕ್ಕ. ತಮ್ಮಂದಿರ ತಲೆಯ ಮೇಲೆ ರೂಢಿ ಮಾಡಿ ಮಾಡಿ ಆಕೆ ಪಳಗಿಬಿಟ್ಟಿದ್ದಳೆಂದು ಅವರು ನೆನೆದಿದ್ದಾರೆ. ನಮ್ಮಪ್ಪ ಕೊನೆಯವರೆಗೂ ಪಳಗಲಿಲ್ಲ.

ಈಗ ಶಾಲೆಗೆ ಬರುತ್ತೇನೆ. 1980ರ ದಶಕದ ಆರಂಭದ ದಿನಗಳು. ಹಿಂದಿ ಸಿನಿಮಾದ ಅಮಿತಾಭ್ ಬಚ್ಚನ್, ನಮ್ಮ 'ಆಟೋ ರಾಜ', 'ಗೀತಾ' ಚಿತ್ರಗಳ ಶಂಕರನಾಗ್, ಇವರ ಪ್ರಭಾವದಿಂದ ಹುಡುಗರೆಲ್ಲ ಕಿವಿ ಮುಚ್ಚುವಂತೆ ಕೂದಲು ಬಿಡುತ್ತಿದ್ದರು. ಅದಕ್ಕೆ ಕೆಲವರು ಬಚ್ಚನ್ ಕಟಿಂಗ್ ಎಂದರೆ ಮಾಸ್ತರರು ಹಿಪ್ಪಿ ಕಟಿಂಗ್ ಎನ್ನುತ್ತಿದ್ದರು. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ತಪಾಸಣೆ. ಉಗುರು, ಗುಂಡಿ, ತಲೆ. "ಕಿವಿ ಕಾಣಬೇಕು, ಕಾಲರಿಗೆ ಕೂದಲಾ ಮುಟ್ಟಬಾರದು" ಎಂಬುದು ನಿಯಮ. ತಪ್ಪಿದವರಿಗೆ ಬುಧವಾರದವರೆಗೆ ಗಡುವು. ಮಂಗಳವಾರ ಕಟಿಂಗ್ ಶಾಪುಗಳಿಗೆ ಸೂಟಿ, ಸೋಮವಾರ ಬಹಳ ಮನೆಗಳಲ್ಲಿ ತಲೆಗೆ ಕತ್ತರಿ ಹಚ್ಚಿಸುವುದಿಲ್ಲ. ಆದ್ದರಿಂದ ಈ ಗಡುವು ಎಲ್ಲರಿಗೂ ಇಕ್ಕಟ್ಟಿನದೇ. ಅದರಲ್ಲಿಯೂ ನನಗೆ, ಅಪ್ಪ ಸುಗ್ಗಿಯ ಕೂಲಿಗೆಂದು ಬೇರೆ ಊರಿಗೆ ಹೋದಾಗ, ಅದನ್ನು ಪಾಲಿಸುವ ದಾರಿಯೇ ಇರುತ್ತಿರಲಿಲ್ಲ.

ಒಂದು ಬುಧವಾರ ಮಾಸ್ತರರು ನನ್ನನ್ನು ವರಾಂಡದ ಮೂಲೆಗೆ ಕರೆದರು. "ಎರಡು ಸಲ ಹೇಳೇನಿ. ಊರಾಗ ಕಟಿಂಗ್ ಅಂಗಡಿ ಇಲ್ಲೇನೋ ತಮ್ಮಾ?" ಎಂದರು. "ಐತ್ರಿ ಸರ್" ಎಂದೆ. "ಮತ್ತ?" ನಾನು ಸುಮ್ಮನೆ ನಿಂತೆ. ಅವರು ನನ್ನ ಮುಖ ನೋಡಿದರು, ಬಗ್ಗಿಸಿದ ತಲೆ ನೋಡಿದರು, "ಹೋಗು, ಕ್ಲಾಸಿಗೆ ಹೋಗು" ಎಂದರು. ಮುಂದಿನ ಸೋಮವಾರದ ತಪಾಸಣೆಯಲ್ಲಿ ಇಡೀ ಸಾಲಿಗೆ ಅವರು ಹೇಳಿದ್ದು ಬೇರೆ: "ಬುಧವಾರ ಅಲ್ಲ, ತಿಂಗಳದಾಗ ಒಮ್ಮೆ ಆದರ ಸಾಕು. ಮನಿಯಾಗ ಕತ್ತರಿಸಿಕೊಂಡರೂ ನಡೀತೈತಿ, ಸ್ವಚ್ಛ ಇರಬೇಕು ಅಷ್ಟ." ಹುಡುಗರಿಗೆ ಖುಷಿಯಾಯಿತು. ಯಾಕೆ ಬದಲಾಯಿತೆಂದು ಯಾರೂ ಕೇಳಲಿಲ್ಲ. ನನ್ನೊಬ್ಬನಿಗೆ ರಿಯಾಯಿತಿ ಕೊಟ್ಟಿದ್ದರೆ ಅದು ಇನ್ನೊಂದು ಗುರುತಾಗುತ್ತಿತ್ತು. ಮುಂದೆ ನಾನೇ ಶಿಕ್ಷಕನಾಗಿ ಮಕ್ಕಳಿಗೆ ಶುಲ್ಕ, ಸಮವಸ್ತ್ರ, ಊಟದ ವಿಷಯದಲ್ಲಿ ಏನಾದರೂ ಸಡಿಲಿಸಬೇಕಾದಾಗ ಇಡೀ ತರಗತಿಗೇ ಸಡಿಲಿಸುವುದನ್ನು ಕಲಿತದ್ದು ಆ ವರಾಂಡದಲ್ಲಿ.

ಹೆಣ್ಣುಮಕ್ಕಳಿಗೆ ಈ ತಪಾಸಣೆ ಇರಲಿಲ್ಲ. ಅವರ ತಲೆಯನ್ನು ಮನೆಯಲ್ಲಿಯೇ ಬಿಗಿ ಮಾಡಿ ಕಳಿಸುತ್ತಿದ್ದರು. ಎಣ್ಣೆ ಹಚ್ಚಿ, ಎರಡು ಹೆರಳು ಹಾಕಿ, ಮಡಚಿ ರಿಬ್ಬನ್ ಕಟ್ಟುವುದು. ಇಂದಿನ ಹುಡುಗಿಯರು ಕೂದಲು ಬಿಟ್ಟು ಓಡಾಡುವುದನ್ನು ನೋಡಿ ಮೂಗು ಮುರಿಯುವ ಹಿರಿಯರಿಗೆ ಎರಡು ಮಾತು ಹೇಳಬೇಕು. ಗಂಡ ಸತ್ತನೆಂದು ಎಳೆಯ ಹುಡುಗಿಯರ ತಲೆ ಬೋಳಿಸುತ್ತಿದ್ದ ಕಾಲ ನಮ್ಮ ನಾಡಿನಲ್ಲಿಯೇ ಇತ್ತು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ ಅಂಥವಳೊಬ್ಬಳ ಬದುಕಿನದು. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಇನ್ನೊಂದು ಕಡೆ ನಮ್ಮ ಕೇರಿಗಳಲ್ಲಿ ಹೆಣ್ಣುಮಗುವಿನ ತಲೆಯಲ್ಲಿ ಸಿಕ್ಕುಗಟ್ಟಿ ಜಡಿ ಬಂದರೆ ಸವದತ್ತಿ ಎಲ್ಲಮ್ಮ ಕರೆದಳೆಂದು ತಿಳಿದು ಅವಳನ್ನು ದೇವದಾಸಿ ಮಾಡುತ್ತಿದ್ದರು. 1982ರಲ್ಲಿ ಕರ್ನಾಟಕ ಸರಕಾರ ಇದನ್ನು ನಿಷೇಧಿಸುವ ಕಾಯಿದೆ ತಂದಿತು. ನಮ್ಮ ಓಣಿಯ ಒಬ್ಬ ಅಜ್ಜಿಯ ತಲೆಯ ಮೇಲೆ ಆ ಜಡಿ ಹಗ್ಗದಷ್ಟು ದಪ್ಪವಿತ್ತು. ಅದರ ಭಾರಕ್ಕೆ ಆಕೆಗೆ ಕೊರಳು ಹೊರಳಿಸುವುದು ಕಷ್ಟವಾಗುತ್ತಿತ್ತು. ಕೊನೆಗಾಲದಲ್ಲಿ ಮೊಮ್ಮಗಳು ಅದನ್ನು ಕತ್ತರಿಸಿದಾಗ "ತಲಿ ಹಗೂರಾತವ್ವಾ" ಎಂದಿದ್ದಳಂತೆ. ತಲೆ ಬೋಳಿಸಿದ್ದಾಗಲಿ, ಜಡಿ ಬಿಡಿಸಿದ್ದಾಗಲಿ, ಎರಡರಲ್ಲಿಯೂ ಆ ಹೆಣ್ಣುಮಗಳ ಮಾತು ನಡೆದಿರಲಿಲ್ಲ.

ಒಂಬತ್ತನೆಯ ತರಗತಿಯ ದೀಪಾವಳಿ ಸೂಟಿಯಲ್ಲಿ ನಾನು ಮೊದಲ ಸಲ ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕುಳಿತೆ. ಅದು ಹುಬ್ಬಳ್ಳಿಯಲ್ಲಿ. ನಮ್ಮ ದೊಡ್ಡಪ್ಪನ ಮಗ ಅಲ್ಲಿ ಹಮಾಲಿ ಮಾಡುತ್ತಿದ್ದ. ಯಲವಿಗಿ ಸ್ಟೇಷನ್ನಿನಿಂದ ಮೀಟರ್ ಗೇಜಿನ ಪ್ಯಾಸೆಂಜರ್ ಗಾಡಿ ಹತ್ತಿ, ಗುಡಗೇರಿ, ಕುಂದಗೋಳ ದಾಟಿ ಹೋದೆವು. ಯಲವಿಗಿಗೆ ರೈಲು ಇದ್ದದ್ದರಿಂದ ಆದ ಲಾಭಗಳನ್ನು ಬರೆಯುವವರು ಒಣಮೆಣಸಿನಕಾಯಿ, ಹತ್ತಿ, ಶೇಂಗಾ ಸಾಗಿಸಿದ್ದನ್ನು ಬರೆಯುತ್ತಾರೆ. ನಮ್ಮಂಥವರು ಕ್ಷೌರಕ್ಕೆಂದು ಅದೇ ರೈಲಿನಲ್ಲಿ ಹೋಗಿಬಂದದ್ದನ್ನೂ ಅದರಲ್ಲಿ ಸೇರಿಸಬೇಕು.

ಅಣ್ಣ ನನ್ನನ್ನು ಒಳಗೆ ಬಿಟ್ಟು ಹೊರಗೆ ಬೀಡಿ ಸೇದುತ್ತ ನಿಂತ. ಅಂಗಡಿಯಲ್ಲಿ ಮುಂದೊಂದು, ಹಿಂದೊಂದು ಕನ್ನಡಿ. ನನ್ನ ಹಿಂದಲೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಪ್ಪನ ಪಾವಟಿಗೆಗಳು ಎದುರಿನ ಕನ್ನಡಿಯಲ್ಲಿ ಸಾಲು ಸಾಲಾಗಿ ಕಾಣಿಸಿದವು. ಕತ್ತರಿ ಹಿಡಿದವರು ಬಿಳಿ ಬಟ್ಟೆ ಹೊದಿಸಿ ಕೇಳಿದ್ದು ಒಂದೇ: "ಹೆಂಗ ಹೊಡೀಲಿ?" ಯಾವೂರು ಎಂದು ಕೇಳಲಿಲ್ಲ, ಯಾರ ಪೈಕಿ ಎಂದು ಕೇಳಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ. ಹೇಗೆ ಬೇಕು ಎಂದು ನನ್ನ ತಲೆಯ ಬಗ್ಗೆ ನನ್ನನ್ನು ಯಾರೂ ಕೇಳಿದ್ದಿಲ್ಲ. ಗೋಡೆಯ ಮೇಲಿನ ಬಚ್ಚನ್‌ನತ್ತ ಕೈ ತೋರಿಸಿದೆ. ಅವರು ನಕ್ಕು, "ಅಷ್ಟು ಕೂದಲಾ ಎಲ್ಲದಾವೋ?" ಎಂದು, ಇದ್ದುದರಲ್ಲಿಯೇ ಓರಣ ಮಾಡಿ, ಕೊನೆಗೆ ಕೊರಳ ಹಿಂದೆ ಪೌಡರು ಹಚ್ಚಿದರು. ಊರಿಗೆ ಬಂದಾಗ ಅವ್ವ ಅದನ್ನು ಮೂಸಿ ನೋಡಿ ನಕ್ಕಳು. ಅಪ್ಪ ನನ್ನ ತಲೆಯ ಸುತ್ತ ಒಂದು ಸುತ್ತು ಬಂದು, "ಚಲೋ ಹೊಡದಾರ" ಎಂದಷ್ಟೇ ಹೇಳಿದ. ಉಣ್ಣೆಯ ಕತ್ತರಿ ಮತ್ತೆ ನನ್ನ ತಲೆಗೆ ಬರಲಿಲ್ಲ.

ಕಾನೂನು ಏನು ಹೇಳುತ್ತಿತ್ತು ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ, ಬಿ.ಎಡ್. ಓದುವಾಗ. 1948ರ ನವೆಂಬರ್ 29ರಂದು ಸಂವಿಧಾನ ರಚನಾ ಸಭೆಯಲ್ಲಿ, ಮುಂದೆ 15ನೆಯ ಅನುಚ್ಛೇದವಾದ ಕರಡಿನ ಮೇಲೆ ಚರ್ಚೆ ನಡೆಯಿತು. ಅಂಗಡಿಗಳಿಗೆ ಹೋಗಲು ಯಾರಿಗೂ ಜಾತಿಯ ಕಾರಣದಿಂದ ಅಡ್ಡಿ ಇರಬಾರದು ಎಂಬುದರಲ್ಲಿ 'ಅಂಗಡಿ' ಎಂದರೇನು ಎಂಬ ಪ್ರಶ್ನೆ ಎದ್ದಿತು. ಬಂದವರಿಗೆಲ್ಲ ತನ್ನ ಸೇವೆ ಕೊಡಲು ಸಿದ್ಧನಿರುವವನ ಜಾಗವೇ ಅಂಗಡಿ. ಒಳಗೆ ಕಾಲಿಡುವುದಕ್ಕೆ ಮಾತ್ರವಲ್ಲ, ಅಲ್ಲಿಯ ಸೇವೆ ಪಡೆಯುವುದಕ್ಕೂ ಈ ಹಕ್ಕು ಅನ್ವಯಿಸುತ್ತದೆ ಎಂದು ಅಂಬೇಡ್ಕರರು ಬಿಡಿಸಿ ಹೇಳಿದರು. ಅಕ್ಕನ ಕತ್ತರಿಯ ಕೆಳಗೆ ಕುಳಿತಿದ್ದ ಸಾತಾರಾದ ಹುಡುಗ ಕೊಟ್ಟ ಉತ್ತರ ಅದು. ಅಸ್ಪೃಶ್ಯತೆಯನ್ನು ರದ್ದು ಮಾಡುವ ಅನುಚ್ಛೇದಕ್ಕೆ ಸಭೆ ಒಪ್ಪಿಗೆ ಕೊಟ್ಟದ್ದೂ ಅದೇ ದಿನ. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯಿದೆ ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ. ನಾನು ಉಣ್ಣೆಯ ಕತ್ತರಿಗೆ ತಲೆ ಕೊಟ್ಟು ಕುಳಿತಾಗ ಸಂವಿಧಾನಕ್ಕೆ ಮೂವತ್ತು ತುಂಬಿತ್ತು.

ಇದರ ಹೊಣೆಯನ್ನೆಲ್ಲ ಕ್ಷೌರಿಕರ ಮೇಲೆ ಹಾಕುವವರನ್ನು ನಾನು ಒಪ್ಪುವುದಿಲ್ಲ. ಅವರೂ ಊರಿನಲ್ಲಿ ಕೆಳಗೆ ಕುಳಿತವರೇ. ಮದುವೆಯಲ್ಲಿ ಅವರ ಪಂಕ್ತಿ ಬೇರೆ, ಬೆಳಿಗ್ಗೆ ಎದುರಾದರೆ ಅಪಶಕುನವೆಂಬ ಮಾತು ಬೇರೆ. ನಮ್ಮ ತಲೆ ಮುಟ್ಟಿದ ಕತ್ತರಿಯನ್ನು ಊರಿನ ದೊಡ್ಡ ಮನೆಗಳು ಒಳಗೆ ಬಿಡುತ್ತಿರಲಿಲ್ಲ. ಬಿಡದಿದ್ದರೆ ಸುಗ್ಗಿಯ ಕಾಳು ಬರುತ್ತಿರಲಿಲ್ಲ. ಆ ಅಂಗಡಿಯವರ ಮಗ ನನ್ನ ಸಹಪಾಠಿ. ಮಧ್ಯಾಹ್ನ ಇಬ್ಬರೂ ಒಂದೇ ಬುತ್ತಿಯಲ್ಲಿ ರೊಟ್ಟಿ ತಿಂದವರು. ಅವನು ಒಮ್ಮೆ ಅಪ್ಪನ ಹಳೆಯ ಮಷೀನನ್ನು ಪಾಟಿಚೀಲದಲ್ಲಿ ಮುಚ್ಚಿಕೊಂಡು ತಂದು, ಶಾಲೆಯ ಹಿಂದಿನ ಜಾಲಿಗಿಡದ ನೆರಳಿನಲ್ಲಿ ನನ್ನ ಹಿಂದಲೆಯ ಪಾವಟಿಗೆಗಳನ್ನು ಸಮ ಮಾಡಿಕೊಟ್ಟ. ಇಬ್ಬರಿಗೂ ಅಂಜಿಕೆ, ಇಬ್ಬರಿಗೂ ನಗು. ಇದನ್ನು ಓದಿದರೆ ಅವನಿಗೆ ನೆನಪಾಗುತ್ತದೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಧಾರವಾಡದ ಹಾಸ್ಟೆಲಿನ ದಿನಗಳಲ್ಲಿ ಬಂಡಾಯದ ಗಾಳಿ ಜೋರಾಗಿತ್ತು. ಗಡ್ಡ, ಹೆಗಲಿಗಿಳಿವ ಕೂದಲು, ಖಾದಿ ಜುಬ್ಬಾ, ಜೋಳಿಗೆಚೀಲ ಇಲ್ಲದೆ ಕವಿಗೋಷ್ಠಿಗೆ ಹೋಗುವಂತಿರಲಿಲ್ಲ, ನಾನೂ ಬಿಟ್ಟೆ. ನೌಕರಿಯ ಸಂದರ್ಶನಕ್ಕೆ ಕತ್ತರಿಸಿದೆ. 1990ರ ದಶಕದಲ್ಲಿ ಏಡ್ಸ್ ಬಗ್ಗೆ ತಿಳಿವಳಿಕೆ ಹಬ್ಬಿ, ಕತ್ತಿ ಹೋಗಿ ಗಿರಾಕಿಗೊಂದು ಹೊಸ ಬ್ಲೇಡು ಬಂತು. ನನ್ನ ನೆತ್ತಿ ಬಯಲಾದದ್ದೂ ಅದೇ ದಶಕದಲ್ಲಿ. ಆಮೇಲೆ ನಾನು ಹುಡುಗರ ತಲೆಗಳನ್ನಷ್ಟೇ ನೋಡುತ್ತ ಬಂದೆ. 2003ರಲ್ಲಿ 'ತೇರೆ ನಾಮ್' ಬಂದ ಮೇಲೆ ಹಣೆಯ ಎರಡೂ ಕಡೆ ಇಳಿಬಿದ್ದ ನಡುಬೈತಲೆ. ಅದರ ಬೆನ್ನಿಗೆ ಧೋನಿಯ ಉದ್ದ ಕೂದಲು. 2017ರಲ್ಲಿ ಸುದೀಪರ 'ಹೆಬ್ಬುಲಿ' ಬಂದು ಮಗ್ಗಲು ಬೋಳಿಸುವ ಹೆಬ್ಬುಲಿ ಕಟಿಂಗ್.

2020ರ ಲಾಕ್‌ಡೌನಿನಲ್ಲಿ ಸುಮಾರು ಎರಡು ತಿಂಗಳು ಎಲ್ಲ ಕಟಿಂಗ್ ಶಾಪುಗಳೂ ಮುಚ್ಚಿದವು. ಊರೂರಿನ ದೊಡ್ಡ ಮನೆಗಳವರು ಹೆಂಡತಿಯ ಕೈಗೆ, ಮಗನ ಕೈಗೆ ಕತ್ತರಿ ಕೊಟ್ಟು ಹಿತ್ತಲಲ್ಲಿ ಸ್ಟೂಲಿನ ಮೇಲೆ ಕುಳಿತರು. ಮೊಬೈಲಿನಲ್ಲಿ ಬಂದ ಅವರ ಪಾವಟಿಗೆ ಪಾವಟಿಗೆಯ ತಲೆಗಳನ್ನು ನೋಡಿ ನನಗೆ ನಮ್ಮಪ್ಪ ನೆನಪಾದ. ಅವನ ಕೈಕೆಲಸ ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ.

2023ರ ಜುಲೈನಲ್ಲಿ ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿಯ ಸರಕಾರಿ ಪ್ರೌಢಶಾಲೆಯ ಮುಖ್ಯಶಿಕ್ಷಕರು ಊರಿನ ಕ್ಷೌರದ ಅಂಗಡಿಯವರಿಗೆ ಬರೆದ ಪತ್ರವೊಂದು ನಾಡಿನಲ್ಲೆಲ್ಲ ಓಡಾಡಿತು. ನಮ್ಮ ಶಾಲೆಯ ಹುಡುಗರಿಗೆ ಹೆಬ್ಬುಲಿ ಕಟಿಂಗ್ ಮಾಡಬೇಡಿರಿ ಎಂಬ ವಿನಂತಿ. ಕೆಲವರು ಮೆಚ್ಚಿದರು, ಕೆಲವರು ನಕ್ಕರು. ಓದಿನ ಕಡೆ ಗಮನ ಇರಲಿ ಎಂಬ ಅವರ ಕಾಳಜಿ ಪ್ರಾಮಾಣಿಕವಾದದ್ದು, ನಾನೂ ಅದೇ ಕುರ್ಚಿಯಲ್ಲಿ ಕುಳಿತವನು. ಆದರೆ ಆ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಬೇರೆ. ಊರಿನ ಪ್ರತಿಯೊಬ್ಬ ಹುಡುಗನಿಗೂ ಅವನು ಕೇಳಿದ ಹಾಗೆ ಕತ್ತರಿಸಿ ಕಳಿಸುವ ಅಂಗಡಿ ಊರಲ್ಲಿಯೇ ಇದೆ ಎಂದು ಅದು ನಂಬಿತ್ತು. ಎರಡು ವರ್ಷದ ಮೇಲೆ 'ಹೆಬ್ಬುಲಿ ಕಟ್' ಎಂಬ ಕನ್ನಡ ಸಿನಿಮಾ ಬಂತು. ಅದರ ಹುಡುಗನಿಗೆ ಬೇಕಾದದ್ದು ಅದೇ ಕಟಿಂಗ್. ಅಡ್ಡ ಬಂದದ್ದು ಜಾತಿ.

ನನ್ನ ಊರಿನ ಬಸ್‌ಸ್ಟ್ಯಾಂಡಿನ ಅಂಗಡಿಗೆ ಈಗ ಗಾಜಿನ ಬಾಗಿಲಿದೆ, ಎರಡು ತಿರುಗುವ ಕುರ್ಚಿಗಳಿವೆ. ಕಳೆದ ಯುಗಾದಿಗೆ ಹೋದಾಗ ಕಿವಿಯ ಹಿಂದೆ ಉಳಿದಿರುವ ನನ್ನ ನಾಲ್ಕು ಬಿಳಿಕೂದಲನ್ನು ಅಲ್ಲಿಯೇ ಕತ್ತರಿಸಿಕೊಂಡೆ. "ಬರ್ರಿ ಸರ್, ಕುಂದರ್ರಿ" ಎಂದು ಹುಡುಗ ಕುರ್ಚಿ ಒರೆಸಿಕೊಟ್ಟ. ನಾನು ನಿವೃತ್ತ ಮಾಸ್ತರನೆಂದೋ, ಎಲ್ಲರಿಗೂ ಹಾಗೆಯೇ ಎಂದೋ ನನಗೆ ತಿಳಿಯಲಿಲ್ಲ. ನಮ್ಮ ಕೇರಿಯ ಹುಡುಗರು ಕಟಿಂಗಿಗೆ ಸವಣೂರಿಗೇ ಹೋಗುತ್ತಾರೆ. ಯಾಕೆಂದು ಕೇಳಿದೆ. "ಅಲ್ಲೆ ಸ್ಟೈಲ್ ಚಲೋ ಹೊಡೀತಾರ್ರಿ ಕಾಕಾ" ಎಂದರು. ಇದ್ದರೂ ಇರಬಹುದು. ಮೇಲಿನ ಓಣಿಯ ಹುಡುಗರೂ ಅಲ್ಲಿಗೇ ಹೋಗುತ್ತಾರಂತೆ, ಕೆಲವೊಮ್ಮೆ ಒಂದೇ ಬೈಕಿನ ಮೇಲೆ ಮೂವರು.